ಏನೂ ಒತ್ತದವರು

ನವೆಂಬರ್ 4, ಮಂಗಳವಾರ

ಅಕ್ಕ ನಿನ್ನೆ ಬೆಳಿಗ್ಗೆ ಹೋದವಳು ಬಂದಿಲ್ಲ.

ಕಾರ್ತಿಕ ಸೋಮವಾರ. ತಲೆಗೆ ನೀರು ಹಾಕಿಕೊಂಡು, ಹಣೆತುಂಬ ವಿಭೂತಿ ಬಳಿದುಕೊಂಡು, ಹಸಿರು ಸೀರೆ ಉಟ್ಟು ಗುಡಿಗೆ ಹೊರಟಳು. ಬಂದು ದೋಸೆ ಹುಯ್ದು ಕೊಡುತ್ತೇನೆ, ಹಸಿದುಕೊಂಡು ಆಫೀಸಿಗೆ ಓಡಬೇಡ ಎಂದಳು. ಹತ್ತೂವರೆಯವರೆಗೆ ಕಾದೆ. ಹಿಟ್ಟು ಉಕ್ಕಿ ಪಾತ್ರೆಯಿಂದ ಚೆಲ್ಲಿತು.

ಅವಳಿಗೆ ಮೂರ್ಛೆ ರೋಗ. ಹದಿನಾಲ್ಕನೇ ವಯಸ್ಸಿನಿಂದ ಇದೆ, ಈಗ ಮೂವತ್ತೆರಡು. ಬಿದ್ದು, ಕೈಕಾಲು ಅದುರಿ ನಿಂತ ಮೇಲೆ ಒಂದೆರಡು ಗಂಟೆ ಅವಳಿಗೆ ತಾನು ಯಾರೆಂಬುದೇ ಗೊತ್ತಿರುವುದಿಲ್ಲ. ಎದ್ದು ನಡೆಯತೊಡಗುತ್ತಾಳೆ, ಯಾರು ಕೈ ಹಿಡಿದರೂ ಹೋಗುತ್ತಾಳೆ. ಹಿಂದೆ ಎರಡು ಸಲ ಹೀಗಾಗಿದೆ. ಎರಡು ಸಲವೂ ಸಂಜೆಯೊಳಗೆ ಸಿಕ್ಕಿದ್ದಳು, ಒಂದು ಸಲ ಮಾರ್ಕೆಟ್ಟಿನ ಬಾಳೆಹಣ್ಣಿನ ಸಾಲಿನಲ್ಲಿ.

ಮಾತ್ರೆ ಡಬ್ಬಿ ತೆಗೆದು ನೋಡಿದೆ. ನಿನ್ನೆ ಬೆಳಗಿನ ಮಾತ್ರೆ ಅಲ್ಲೇ ಇದೆ. ಉಪವಾಸವಲ್ಲವೇ, ಪೂಜೆ ಮುಗಿಸಿ ಬಂದು ನುಂಗುತ್ತೇನೆ ಅಂದುಕೊಂಡಿರಬೇಕು. ಒಂದು ದಿನವೂ ತಪ್ಪಿಸಬೇಡಿ, ನಾಲ್ಕು ದಿನ ತಪ್ಪಿದರೆ ಒಂದರ ಮೇಲೊಂದು ಬರುತ್ತೆ ಎಂದು ಡಾಕ್ಟರು ನನಗೇ ಹೇಳಿದ್ದರು.

ಸ್ಟೇಷನ್ನಿಗೆ ಹೋಗಿ ಹೊರಗೇ ಅರ್ಧ ಗಂಟೆ ನಿಂತಿದ್ದೆ. ಒಳಗೆ ಹೋದ ಮೇಲೆ ನನ್ನ ದನಿ ನನಗೇ ಕೇಳಲಿಲ್ಲ. "ಜೋರಾಗಿ ಹೇಳಪ್ಪ, ಕಿವೀಲಿ ಹೇಳೋ ಗುಟ್ಟಾ ಇದು?" ಎಂದರು ಪೇದೆ. ಕೊನೆಗೆ ಹಾಳೆ ಇಸ್ಕೊಂಡು ಬರೆದು ಕೊಟ್ಟೆ. ಓದಿ, ಚೆನ್ನಾಗಿ ಬರೀತೀಯ, ಎಲ್ಲೀಗಂಟ ಓದಿದ್ದೀಯ ಎಂದು ಕೇಳಿದರು. ಐದನೇ ಕ್ಲಾಸು ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ನವೆಂಬರ್ 5, ಬುಧವಾರ

ನಮ್ಮ ಸೈಟಿನಲ್ಲಿ ಅಕ್ಕನ ಪ್ರಕಟಣೆ ಹಾಕಿದೆ. ವಾಗೀಶ ಸಾರೇ ಹೇಳಿದರು, ಮೊದಲ ಪುಟದ ನೆತ್ತಿಯ ಮೇಲೇ ಇರಲಿ ಎಂದು.

ಸಾರ್ ಆಫೀಸು ಸಿದ್ಧಾರ್ಥನಗರದಲ್ಲಿ. ಬಾಡಿಗೆ ಮನೆ, ಮನೆಪಾಠ, ಅಡುಗೆಯವರು, ಡ್ರೈವರು, ಇಂಥ ಮೈಸೂರಿನ ಜಾಹೀರಾತುಗಳ ಸೈಟು. ಅವರ ಅಜ್ಜ ಅರಮನೆ ಕಚೇರಿಯಲ್ಲಿ ಕಾಗದ ಬರೆಯುತ್ತಿದ್ದರಂತೆ. ಕಸ ಗುಡಿಸಲು ಬಂದ ನನ್ನನ್ನು ಕೂರಿಸಿ ಬರೆಯಲು ಹಚ್ಚಿದವರು ಅವರೇ. ಎರಡು ರೂಮು, ಒಂದು ನಲ್ಲಿ ಎಂದು ಮಾಲೀಕರು ಹೇಳಿದರೆ ನಾನು ಅದನ್ನು ಯಾರಾದರೂ ಇರಬೇಕು ಅನ್ನಿಸುವ ಹಾಗೆ ಬರೆಯುತ್ತೇನೆ.

ಪ್ರಕಟಣೆಯನ್ನು ಜಾಹೀರಾತುಗಳ ನಡುವೆ ಹಾಕಲಿಲ್ಲ. ಅಲ್ಲಿ ನಂಬರು ಬದಲಾಗುತ್ತದೆ. ಆ ಕೆಲಸ ಮಾಡಿದವನು ನಾನೇ. ಜನ ನೇರವಾಗಿ ಮಾತಾಡಿಕೊಂಡುಬಿಟ್ಟರೆ ನಮಗೇನು ಕೆಲಸ ಎಂದು ಸಾರ್ ಜೂನ್‌ನಲ್ಲಿ ಹೇಳಿದಾಗ, ಮನೆಯಿಂದಲೇ ಸೈಟು ನೋಡಿಕೊಳ್ಳುವ ಮಾಲವಿಕಾ ಮೇಡಂ ಒಂದು ಪ್ಲಗಿನ್ ಹುಡುಕಿಕೊಟ್ಟರು. ಪ್ಲಗಿನ್ ಅಂದರೆ ಸೈಟಿಗೆ ಹೊರಗಿನಿಂದ ಸಿಕ್ಕಿಸುವ ಒಂದು ತುಂಡು. ಅದರಲ್ಲಿ ಎರಡು ಖಾನೆ, ಏನನ್ನು ಹುಡುಕಬೇಕು, ಅದರ ಜಾಗದಲ್ಲಿ ಏನಿಡಬೇಕು ಅಂತ. ಒಟ್ಟಿಗೆ ಹತ್ತು ಅಂಕಿ ಎಂಬುದಕ್ಕೆ ಒಂದು ಗುರುತು ಇದೆ, ಅದನ್ನು ಮೊದಲನೆಯದರಲ್ಲಿ ಇಟ್ಟು, ಎರಡನೆಯದರಲ್ಲಿ ಆಫೀಸಿನ ನಂಬರು ಇಟ್ಟೆ. ನೋಡುವವರಿಗೆ ಯಾವ ಮನೆಗೂ ಆಫೀಸಿನ ನಂಬರೇ ಕಾಣುತ್ತದೆ.

ಅದನ್ನು ಹಾಕಿದ ದಿನ ನನಗೆ ಹಬ್ಬ. ಅದಕ್ಕೆ ಮುಂಚೆ ಎಷ್ಟೋ ಜಾಹೀರಾತಿಗೆ ನನ್ನ ನಂಬರು ಕೊಟ್ಟಿದ್ದರು. ಫೋನು ಬಡಿದುಕೊಳ್ಳುತ್ತಿತ್ತು, ನಾನು ದಿಂಬಿನ ಕೆಳಗೆ ತುರುಕಿ ಅದರ ಮೇಲೆ ಕೂರುತ್ತಿದ್ದೆ. ಆಮೇಲೆ ಒಂದು ಫೋನೂ ಬರಲಿಲ್ಲ. ಆಫೀಸಿನ ನಂಬರಿಗೆ ಮೆಷಿನ್ನೇ ಉತ್ತರ ಕೊಡುತ್ತದೆ. ದನಿ ಮಾಲವಿಕಾ ಮೇಡಂದು, ಬರೆದುಕೊಟ್ಟವನು ನಾನು. ನಮಸ್ಕಾರ, ಮನೆಗೆ ಒಂದು ಒತ್ತಿ, ಪಾಠಕ್ಕೆ ಎರಡು ಒತ್ತಿ, ಕೆಲಸದವರಿಗೆ ಮೂರು ಒತ್ತಿ.

ಅದಕ್ಕೇ ಅಕ್ಕನದನ್ನು ಬೇರೆಯೇ ಪುಟ ಮಾಡಿ ಹಾಕಿದೆ. ಹಾಕಿ ತೆರೆದು ನೋಡಿದೆ. ನನ್ನ ನಂಬರೇ ಇದೆ.

ಹೀಗೆ ಬರೆದಿದ್ದೇನೆ: "ನೀಲಮ್ಮ, ಮೂವತ್ತೆರಡು ವರ್ಷ, ಲಷ್ಕರ್ ಮೊಹಲ್ಲಾ, ಮೈಸೂರು. ನವೆಂಬರ್ 3ರಂದು ಗುಡಿಗೆಂದು ಹೋದವರು ಮನೆಗೆ ಬಂದಿಲ್ಲ. ಹಸಿರು ಸೀರೆ. ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು. ಕೊರಳಲ್ಲಿ ಲಿಂಗ. ಮೆತ್ತಗೆ ಮಾತಾಡುತ್ತಾರೆ. ಇವರನ್ನು ಕಂಡವರು ದಯವಿಟ್ಟು ಫೋನ್ ಮಾಡಿ."

ಮೂರ್ಛೆ ರೋಗದ ವಿಷಯ ಬರೆಯಲಿಲ್ಲ. ಅದನ್ನು ಯಾರಿಗೂ ಹೇಳಬೇಡ ಎಂದು ಅಕ್ಕ ನನ್ನ ಕೈಲಿ ಲಿಂಗ ಮುಟ್ಟಿಸಿ ಮಾತು ತಗೊಂಡಿದ್ದಾಳೆ.

ನವೆಂಬರ್ 6, ಗುರುವಾರ

ಫೋನು ಕೈಯಲ್ಲೇ ಇದೆ. ಒಂದು ಸಲ ಬಡಿದುಕೊಂಡಿತು. ಸಾಲ ಬೇಕಾ ಎಂದು ಕೇಳಿದರು.

ನವೆಂಬರ್ 8, ಶನಿವಾರ

ಮುನ್ನೂರ ನಲವತ್ತು ಜನ ಅಕ್ಕನ ಪುಟ ನೋಡಿದ್ದಾರೆ. ಲೆಕ್ಕ ಸೈಟಿನಲ್ಲೇ ಬರುತ್ತದೆ. ಒಬ್ಬರಿಗೂ ಫೋನ್ ಮಾಡಬೇಕು ಅನ್ನಿಸಿಲ್ಲ. ಕಂಡಿಲ್ಲ ಎಂದು ಹೇಳಲಿಕ್ಕಾದರೂ, ಸಿಕ್ಕಿದರಾ ಎಂದು ಕೇಳಲಿಕ್ಕಾದರೂ ಒಬ್ಬರಿಗೆ ಮನಸ್ಸು ಬೇಡವೇ? ಈ ಊರಿನ ಜನ ಹೆಂಗಸಿನ ಫೋಟೋ ನೋಡುತ್ತಾರೆ, ಬೆರಳು ಜಾರಿಸುತ್ತಾರೆ. ಕಲ್ಲುಗಳು. ಇಂಥವರಿಗಾಗಿ ನಾನು ಕಿಟಕಿ ಯಾವ ಕಡೆ, ಬಿಸಿಲು ಎಷ್ಟು ಹೊತ್ತಿಗೆ ಎಂದು ಚೆಂದ ಮಾಡಿ ಬರೆಯುತ್ತಿದ್ದೆನಲ್ಲ.

ಮೇಟಗಳ್ಳಿಯಲ್ಲಿ ಹಸಿರು ಸೀರೆಯ ಹೆಂಗಸು ಫ್ಯಾಕ್ಟರಿ ಗೇಟಿನ ಮುಂದೆ ಕೂತಿದ್ದಳು ಎಂದು ಪಕ್ಕದ ಮನೆಯವರು ಹೇಳಿದರು. ಹೋದೆ. ಗೇಟು ಗೇಟಿನ ಮುಂದೆ ನಡೆದೆ. ವಾಚ್‌ಮನ್‌ಗಳು ಕೂತಿದ್ದರು. ಕೇಳಬೇಕು ಎಂದು ಹತ್ತಿರ ಹೋಗುವುದು, ಅವರು ತಲೆ ಎತ್ತಿದ ಕೂಡಲೇ ಮುಂದಕ್ಕೆ ನಡೆದುಬಿಡುವುದು. ಆರು ಗೇಟು ಹೀಗೇ ದಾಟಿದೆ. ಒಬ್ಬರನ್ನೂ ಕೇಳದೆ ಬಸ್ಸು ಹತ್ತಿ ಬಂದೆ.

ಬಸ್ಸಿನಲ್ಲಿ ಬಾಯಿಗೆ ಕರ್ಚೀಫು ಒತ್ತಿಕೊಂಡು ಅತ್ತೆ.

ನವೆಂಬರ್ 10, ಸೋಮವಾರ

ಮತ್ತೆ ಕಾರ್ತಿಕ ಸೋಮವಾರ. ಗುಡಿಗೆ ಹೋಗಿ ಅರ್ಚಕರನ್ನು ಕೇಳಿದೆ. ಹೋದ ವಾರ ಬಂದಿದ್ದರು, ಎಣ್ಣೆ ಕೊಟ್ಟು ಹೋದರು, ಬಾಗಿಲ ಹತ್ತಿರ ಗೋಡೆ ಹಿಡಿದುಕೊಂಡು ಒಂದಿಷ್ಟು ಹೊತ್ತು ನಿಂತಿದ್ದ ಹಾಗೆ ಜ್ಞಾಪಕ ಎಂದರು. ಆಮೇಲೆ ನೋಡಲಿಲ್ಲವಂತೆ. ಗುಡಿಯ ಬೀದಿ ಬಿಟ್ಟರೆ ಸಬರ್ಬನ್ ಬಸ್ ಸ್ಟ್ಯಾಂಡು. ಕಾರ್ತಿಕದಲ್ಲಿ ಮಾದೇಶ್ವರನ ಬೆಟ್ಟಕ್ಕೆ ಬಸ್ಸಿನ ಮೇಲೆ ಬಸ್ಸು, ಎಲ್ಲರ ಹಣೆಯಲ್ಲೂ ವಿಭೂತಿ.

ನನ್ನ ಬರವಣಿಗೆ ಸಾಲದು ಅನ್ನಿಸುತ್ತಿದೆ. ಓದಿದವರ ಎದೆಗೆ ತಾಗುವ ಹಾಗಿದ್ದರೆ ಫೋನು ಬರದೆ ಇರುತ್ತಿತ್ತೇ? ಪ್ರಕಟಣೆಯನ್ನು ಮೂರು ಸಲ ಹೊಸದಾಗಿ ಬರೆದೆ. ಅವಳು ನನ್ನನ್ನು ಸಾಕಿದ್ದು ಬರೆದೆ. ಅಪ್ಪ ಸತ್ತಾಗ ನನಗೆ ಹತ್ತು ವರ್ಷ, ಅವಳು ದಿನಕ್ಕೆ ಸಾವಿರಗಟ್ಟಲೆ ಅಗರಬತ್ತಿ ಹೊಸೆದು ಮನೆ ನಡೆಸಿದಳು, ನಾನು ಸ್ಕೂಲು ಬಿಟ್ಟು ಪಕ್ಕದಲ್ಲಿ ಕೂತು ಕಡ್ಡಿ ಜೋಡಿಸಿಕೊಟ್ಟೆ. ಓದಿ ನೋಡಿದರೆ ಅದರಲ್ಲಿ ನಾನೇ ತುಂಬಿಕೊಂಡಿದ್ದೆ, ಅವಳಿರಲಿಲ್ಲ. ತೆಗೆದೆ. ಮತ್ತೆ ಬರೆದೆ.

ಮುಗಿದಾಗ ಸಾರ್ ಓದಿ, ಕಣ್ಣು ಒದ್ದೆ ಮಾಡಿಕೊಂಡು, ಇನ್ನೊಂದಕ್ಷರ ಮುಟ್ಟಬೇಡ ಎಂದರು.

ನವೆಂಬರ್ 11, ಮಂಗಳವಾರ

ಇಲ್ಲ.

ನವೆಂಬರ್ 12, ಬುಧವಾರ

ಮಾತು ಮುರಿದೆ. ಕೊನೆಯ ಸಾಲಾಗಿ ಸೇರಿಸಿದೆ: "ಇವರಿಗೆ ಮೂರ್ಛೆ ರೋಗವಿದೆ. ಮಾತ್ರೆ ತಪ್ಪಿದರೆ ಜೀವಕ್ಕೆ ಅಪಾಯ." ಮಾತ್ರೆಯ ಹೆಸರನ್ನೂ ಡಬ್ಬಿ ನೋಡಿಕೊಂಡು ಒಂದೊಂದೇ ಅಕ್ಷರ ಹಾಕಿದೆ. ಇನ್ನು ಮೊಹಲ್ಲಾಕ್ಕೆಲ್ಲ ಗೊತ್ತಾಗುತ್ತದೆ. ಅಕ್ಕ ಬಂದು ಬೈಯಲಿ. ಕೆನ್ನೆಗೆ ಹೊಡೆಯಲಿ.

ಇವತ್ತಿಗೆ ಹತ್ತು ದಿನ.

ನವೆಂಬರ್ 14, ಶುಕ್ರವಾರ

ಸೈಟನ್ನು ನಂಬಿ ಕೂತಿದ್ದು ಸಾಕು. ಫೋಟೋ ಹಾಕಿಸಿ ಪಾಂಪ್ಲೆಟ್ ಮಾಡಿಸಿದೆ. ಬಸ್ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ಹಂಚಿದೆ. ಕೊಟ್ಟರೆ ಸಾಲದು, ಕೈಗೆ ತಗೊಂಡು ಬಿಸಾಡುತ್ತಾರೆ, ಅದಕ್ಕೆ ನಿಲ್ಲಿಸಿ ಹೇಳಬೇಕು. ಹೇಳಿದೆ. ಕಡಲೆಕಾಯಿ ಮಾರುವಾಕೆ ನನ್ನನ್ನು ನೋಡಿ, ಗಂಟಲು ಒಣಗಿಸ್ಕೋಬೇಡ ಕಣಪ್ಪ ಎಂದು ನೀರು ಕೊಟ್ಟಳು.

ಕಾಲು ಊದಿದೆ. ಬೇರೇನೂ ಇಲ್ಲ.

ನವೆಂಬರ್ 16, ಭಾನುವಾರ

ಅವಳ ಹೊಸೆಯುವ ಮಣೆ ಮೂಲೆಯಲ್ಲಿದೆ. ಅದರ ಮೇಲೆ ಸುರಿದ ಪುಡಿ ಹಾಗೇ ಇದೆ. ಗುಡಿಸಲು ಪೊರಕೆ ತಗೊಂಡು ಮತ್ತೆ ಇಟ್ಟೆ. ಅನ್ನ ಮಾಡಿದರೆ ಇಬ್ಬರಿಗಾಗುವಷ್ಟು ಆಗುತ್ತದೆ. ನನಗೆ ಒಬ್ಬನಿಗೆ ಅಳತೆ ಗೊತ್ತಿಲ್ಲ.

ಅವಳು ಸತ್ತಿದ್ದರೂ ಪರವಾಗಿಲ್ಲ, ಎಲ್ಲಿದ್ದಾಳೆ ಅಂತ ಗೊತ್ತಾದರೆ ಸಾಕು ಎಂದು ಒಂದು ಕ್ಷಣ ಅಂದುಕೊಂಡೆ. ಅಂದುಕೊಂಡ ಬಾಯಿಗೆ ಹುಳ ಬೀಳಲಿ.

ನವೆಂಬರ್ 18, ಮಂಗಳವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಬೆಟ್ಟದ ಬಸ್ಸಿನ ಕಂಡಕ್ಟರಿಗೆ ಪಾಂಪ್ಲೆಟ್ ಕೊಟ್ಟೆ. ಎದೆಯ ಮೇಲೆ ವಿಶ್ವನಾಥ್ ಎಂದು ಹೆಸರು. ಫೋಟೋ ನೋಡಿದವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇದು ನೀವೇನ್ರೀ ಹಾಕಿರೋದು? ಫೋನ್ ಮಾಡಿದ್ರೆ ಮನೆ ಬೇಕಾ, ಪಾಠ ಬೇಕಾ ಅಂತೀರಲ್ಲ. ಹೆಣ್ಣುಮಗಳ ಫೋಟೋ ಇಟ್ಕೊಂಡು ವ್ಯಾಪಾರ ಮಾಡೋಕೆ ನಾಚ್ಕೆ ಆಗಲ್ವಾ?"

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಫೋನು ತೆಗೆದು, ಯಾರೋ ಕಳಿಸಿದ್ದ ನಮ್ಮ ಸೈಟಿನ ಪುಟ ತೆರೆದು ತೋರಿಸಿದರು. ಅಕ್ಕನ ಫೋಟೋ. ನಾನು ಮೂರು ಸಲ ತಿದ್ದಿ ಬರೆದ ಮಾತುಗಳು. ಅದರ ಕೆಳಗೆ ಆಫೀಸಿನ ನಂಬರು.

ನನ್ನ ಫೋನಿನಲ್ಲಿ ಅದೇ ಪುಟ ತೆರೆದೆ. ನನ್ನ ನಂಬರು. ಎರಡು ಫೋನು ಪಕ್ಕ ಪಕ್ಕ ಹಿಡಿದೆ. ಅವರ ಫೋನಿನಿಂದ ಆ ನಂಬರು ಒತ್ತಿದೆ. ಮಾಲವಿಕಾ ಮೇಡಂ ದನಿ ಬಂತು. ನಮಸ್ಕಾರ, ಮನೆಗೆ ಒಂದು ಒತ್ತಿ. ನಾನು ಬರೆದ ಮಾತು.

ಕಂಡಕ್ಟರು ಮೆತ್ತಗಾದರು. ಮೂರನೇ ತಾರೀಖು ಅವರ ಬಸ್ಸಿನಲ್ಲಿ ಹಸಿರು ಸೀರೆಯ ಒಬ್ಬಾಕೆ ಕಿಟಕಿಗೆ ತಲೆ ಒರಗಿಸಿ ಕೂತಿದ್ದಳಂತೆ. ರಶ್ಶಿನಲ್ಲಿ ಹೆಂಗಸರ ಟಿಕೆಟ್ಟು, ಆಧಾರು ಯಾರು ನೋಡುತ್ತಾರೆ. ಹನೂರಿಗೆ ಮುಂಚೆ ಎಲ್ಲೋ ಇಳಿದಳು, ಎಲ್ಲೆಂದು ಜ್ಞಾಪಕವಿಲ್ಲ, ಅದನ್ನು ಹೇಳೋಣ ಅಂತಲೇ ಫೋನ್ ಮಾಡಿದ್ದೆ ಎಂದರು.

ಆಫೀಸಿಗೆ ಹೇಗೆ ಹೋದೆನೋ ಗೊತ್ತಿಲ್ಲ. ಮಾಲವಿಕಾ ಮೇಡಂಗೆ ನಾನೇ ಫೋನ್ ಮಾಡಿದೆ. ಕೇಳಿಸಿಕೊಂಡು ಸೈಟು ತೆರೆದು ನೋಡಿದರು. ಆಮೇಲೆ ಹೇಳಿದರು: ಆ ಪ್ಲಗಿನ್ ಜಾಹೀರಾತು ಯಾವುದು, ಪ್ರಕಟಣೆ ಯಾವುದು ಎಂದು ನೋಡುವುದಿಲ್ಲ. ಪುಟ ಪೂರ್ತಿ ಸಿದ್ಧವಾಗಿ, ನೋಡುವವರ ಕಡೆಗೆ ಹೊರಡುವ ಹೊತ್ತಿಗೆ, ಕೊನೆಯಲ್ಲಿ ಹಿಡಿದು ಬದಲಾಯಿಸುತ್ತದೆ. ಹೊರಗೆ ಹೋಗುವ ಯಾವ ಪುಟವೂ ಅದರ ಕೈ ತಪ್ಪಿಸಿಕೊಳ್ಳುವುದಿಲ್ಲ. ನಾವು ಬರೆದಿಟ್ಟಿದ್ದು ಒಳಗೆ ಹಾಗೇ ಇರುತ್ತದೆ. ಲಾಗಿನ್ ಆಗಿರುವ ನಮಗೆ ನಿಜವಾದ ನಂಬರೇ ಕಾಣಲಿ, ಮಾಲೀಕರಿಗೆ ಫೋನ್ ಮಾಡಲು ಬೇಕಾಗುತ್ತದೆ ಎಂದು ಹಾಗೆ ಬಿಟ್ಟಿದ್ದರು. ನನ್ನ ಫೋನಿನಲ್ಲೂ ನಾನು ಸದಾ ಲಾಗಿನ್ ಆಗಿಯೇ ಇರುತ್ತೇನೆ.

"ಒಂದ್ಸಲ ಹೊರಗಿನವರ ಹಾಗೆ ನೋಡಿದ್ರೆ ಸಾಕಿತ್ತು ಲಿಂಗರಾಜು. ನಾನೂ ನೋಡ್ಲಿಲ್ಲ" ಎಂದು ಮೇಡಂ ಅತ್ತರು.

ಮೆಷಿನ್ನಿಗೆ ಬಂದ ಫೋನುಗಳ ಪಟ್ಟಿ ಸೈಟಿನಲ್ಲಿ ಇರುತ್ತದೆ. ಒಂದು, ಎರಡು, ಮೂರು ಒತ್ತಿದವರ ಪಟ್ಟಿಯನ್ನು ಸಾರ್ ದಿನಾ ನೋಡುತ್ತಾರೆ. ಕೊನೆಗೆ ಇನ್ನೊಂದು ಪಟ್ಟಿ ಇದೆ, ಏನೂ ಒತ್ತದವರದ್ದು. ಅದನ್ನು ಯಾರೂ ತೆರೆದಿರಲಿಲ್ಲ. ತೆರೆದೆ. ಒಂದೇ ನಂಬರಿನಿಂದ ಹತ್ತೊಂಬತ್ತು ಸಲ. ಎಂಟನೇ ತಾರೀಖಿನಿಂದ ಹದಿನೈದರವರೆಗೆ.

ಆ ನಂಬರು ಒತ್ತಿದೆ. ವಯಸ್ಸಾದ ಹೆಂಗಸಿನ ದನಿ. ನೀಲಮ್ಮನ ತಮ್ಮ ಎಂದೆ.

"ಈಗ ಮಾಡದ್ಯಲ್ಲಪ್ಪ" ಎಂದಳು.

ನವೆಂಬರ್ 20, ಗುರುವಾರ

ನಿನ್ನೆ ಹೋಗಿ ಬಂದೆ. ಸಾರ್ ಕಾರಿನಲ್ಲಿ ಕರೆದುಕೊಂಡು ಹೋದರು.

ಕೊಳ್ಳೇಗಾಲ ದಾಟಿ, ಹನೂರಿಗೆ ಹೋಗುವ ದಾರಿಯಲ್ಲಿ ಒಂದು ಕ್ರಾಸು. ಚಾಮುಂಡಮ್ಮನ ಇಡ್ಲಿ ಅಂಗಡಿ. ಮೂರನೇ ತಾರೀಖು ಮಧ್ಯಾಹ್ನ ಅಕ್ಕ ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತಿದ್ದಳಂತೆ. ಹಣೆ ಒಡೆದಿತ್ತು. ಬಸ್ಸಿನಲ್ಲಿ ಮತ್ತೊಂದು ಸಲ ಮೂರ್ಛೆ ಬಂದಿರಬೇಕು, ಇಳಿಯುವಾಗ ಬಿದ್ದಿರಬೇಕು. ತಲೆಗೆ ಬಿದ್ದ ಪೆಟ್ಟಿಗೋ ಏನೋ, ಈ ಸಲ ದಿನ ಕಳೆದರೂ ತಿಳಿವು ಮರಳಲಿಲ್ಲ, ಊರು ಯಾವುದು, ಹೆಸರು ಏನು ಎಂದರೆ ನಗುತ್ತಿದ್ದಳಂತೆ. ಚಾಮುಂಡಮ್ಮ ಮನೆಗೆ ಕರೆದುಕೊಂಡು ಹೋಗಿ ಅರಿಶಿನ ಹಚ್ಚಿ ಮಲಗಿಸಿದಳು. ಪೊಲೀಸರೆಂದರೆ ಅವಳಿಗೆ ಭಯ, ಹೋಗಲಿಲ್ಲ. ಎಂಟನೇ ತಾರೀಖು ಸೊಸೆಯ ಫೋನಿನಲ್ಲಿ ಫೋಟೋ ಬಂತು. ನೀಲಮ್ಮ ಎಂದು ಕರೆದರೆ ತಿರುಗಿ ನೋಡಿದಳಂತೆ.

ಅವಳ ಕೈ ಸುಮ್ಮನಿರುತ್ತಿರಲಿಲ್ಲವಂತೆ. ರೊಟ್ಟಿ ಹಿಟ್ಟು ಕಂಡರೆ ಒಂದು ಚೂರು ಚಿವುಟಿ, ಉದ್ದಕ್ಕೆ ಕಡ್ಡಿಯ ಹಾಗೆ ಹೊಸೆದು, ಸಾಲಾಗಿ ಮಣೆಯ ಮೇಲೆ ಇಡುತ್ತಿದ್ದಳಂತೆ. ಇದು ಯಾವ ಊರಿನ ಅಡುಗೆ ಎಂದು ಸೊಸೆ ನಗಾಡಿದಳಂತೆ.

"ಎಷ್ಟು ಕಿತ ಮಾಡುದ್ನೋ ಲೆಕ್ಕಿಲ್ಲ ಕನಪ್ಪ" ಎಂದಳು ಚಾಮುಂಡಮ್ಮ. "ಯಾವ್ದೋ ಹೆಣ್ಣು ಒಂದೊತ್ತು ಎರಡೊತ್ತು ಅಂತಿತ್ತು. ಏನೊತ್ತದೋ, ಎಲ್ಲೊತ್ತದೋ. ನಾನು ಇಲ್ಲಿಂದ ಕೂಗ್ತಾ ಇದ್ದಿ, ನಿಮ್ಮುಡುಗಿ ಇಲ್ಲೇ ಅದ ಬನ್ನಿ ಅಂತ. ಅದು ಅದರ ಪಾಡಿಗೆ ಅದು ಹೇಳ್ಕೊಂಡು ಕಟ್ಟಾಗೋದು."

ಹತ್ತನೇ ತಾರೀಖಿನಿಂದ ದಿನಕ್ಕೆ ಎರಡು ಸಲ, ಮೂರು ಸಲ ಮೂರ್ಛೆ ಬಂದಿದೆ. ಅದು ಗಾಳಿ ಎಂದುಕೊಂಡು ಬೇವಿನ ಸೊಪ್ಪು ಇಳಿತೆಗೆದರು. ಪ್ರಕಟಣೆಯಲ್ಲಿ ಕಾಯಿಲೆ ಇದೆ ಅಂತ ಬರೆದಿರಲಿಲ್ಲವಲ್ಲ ಎಂದಳು ಸೊಸೆ, ಬೈಯುವ ದನಿಯಲ್ಲಿ ಅಲ್ಲ, ಸುಮ್ಮನೆ. ಹನ್ನೆರಡನೇ ತಾರೀಖು ಬೆಳಗಿನ ಜಾವ ಒಂದು ನಿಲ್ಲುವ ಮೊದಲೇ ಇನ್ನೊಂದು ಬಂದಿದೆ. ಆಟೋ ತರಿಸಿ ಹೊರಡುವಷ್ಟರಲ್ಲಿ ಮುಗಿದಿತ್ತು.

ಆಗ ಪೊಲೀಸರು ಬಂದರು, ಹೆಣವನ್ನು ಮೂರು ದಿನ ಇಟ್ಟಿದ್ದರು. ಮೈಸೂರಿನ ಸ್ಟೇಷನ್ನಿಗೆ ತಿಳಿಸುತ್ತೇವೆ ಎಂದವರು ತಿಳಿಸಲೇ ಇಲ್ಲ. ಆ ಮೂರು ದಿನವೂ ಚಾಮುಂಡಮ್ಮ ಫೋನ್ ಮಾಡಿದ್ದಾಳೆ. ಹದಿನೈದಕ್ಕೆ ಮಣ್ಣು ಮಾಡಿದರು. ಚಾಮುಂಡಮ್ಮನ ಮನೆಯವರು ಬೇರೆ ಜನ. ಕೊರಳಿನ ಲಿಂಗ ನೋಡಿ, ಪಕ್ಕದ ಊರಿನ ಐನೋರನ್ನು ಕರೆಸಿ, ನಮ್ಮಲ್ಲಿ ಹೇಗೋ ಹಾಗೇ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಮಣ್ಣು ಮಾಡಿಸಿದ್ದಾಳೆ. ತನ್ನ ಹೊಲದ ಅಂಚಿನಲ್ಲಿ.

ಮಣ್ಣು ಇನ್ನೂ ಎತ್ತರವಾಗಿದೆ. ನಾನು ಮಾತ್ರೆ ಡಬ್ಬಿ ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಯಾಕೆ ತಗೊಂಡೆನೋ.

ಚಾಮುಂಡಮ್ಮನ ಕಾಲಿಗೆ ಬಿದ್ದೆ. ಅವಳು ಏಳಿಸಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟಳು. ಆಮೇಲೆ ಒಳಗೆ ಹೋಗಿ ಊಟಕ್ಕೆ ಹಾಕಿದಳು.

ನವೆಂಬರ್ 22, ಶನಿವಾರ

ಪ್ಲಗಿನ್ ಕಿತ್ತುಹಾಕಿದೆ. ಈಗ ಯಾವ ಮನೆಗೆ ಯಾರ ನಂಬರೋ ಅದೇ ಕಾಣುತ್ತದೆ. ಲಾಗೌಟ್ ಆಗಿ, ನಮ್ಮ ಮನೆ ಮಾಲೀಕರ ಮಗಳ ಫೋನು ಇಸ್ಕೊಂಡು ನೋಡಿದೆ.

ಮಧ್ಯಾಹ್ನ ಸಾರ್ ಕೇಳಿದರು, ಯಾರು ತೆಗೆದದ್ದು ಎಂದು. ನಾನೇ ಎಂದೆ. ಒಂದು ಮಾತು ಕೇಳಬಹುದಿತ್ತಲ್ಲ, ಅದರ ಮೇಲೇ ಅಲ್ಲವೇನಪ್ಪ ನಮ್ಮ ಜೀವನ, ಪ್ರಕಟಣೆಯ ಪುಟವೊಂದನ್ನು ಬಿಟ್ಟು ಮಿಕ್ಕಿದ್ದಕ್ಕೆ ಹಾಕಿಕೊಂಡರಾಯಿತು ಎಂದರು. ಅವರು ತಪ್ಪು ಹೇಳಲಿಲ್ಲ. ಹಾಗೆ ಮಾಡಲಿಕ್ಕೆ ಬರುತ್ತದೆ.

"ಕೇಳಲ್ಲ ಸಾರ್. ಮತ್ತೆ ಹಾಕಿದ್ರೆ ಮತ್ತೆ ತೆಗೀತೀನಿ" ಎಂದೆ.

ಸಾರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಉಜ್ಜಿಕೊಂಡು, ಮತ್ತೆ ಹಾಕಿಕೊಂಡರು. ಆಯ್ತು ಹೋಗು ಎಂದರು. ಕೆಲಸ ಇದೆಯೋ ಹೋಯಿತೋ ಕೇಳಲಿಲ್ಲ.

ನವೆಂಬರ್ 24, ಸೋಮವಾರ

ಏನೂ ಒತ್ತದವರ ಪಟ್ಟಿಯನ್ನು ಪೂರ್ತಿ ಬರೆದುಕೊಂಡು ಬಂದೆ. ಜೂನ್‌ನಿಂದ ಇಲ್ಲಿಯವರೆಗೆ. ನೋಟ್ ಬುಕ್ಕಿನ ಹನ್ನೊಂದು ಪುಟ. ಇದರಲ್ಲಿ ಇನ್ನೂ ಯಾರ ಅಕ್ಕಂದಿರು ಇದ್ದಾರೋ. ಎಲ್ಲರಿಗೂ ಫೋನ್ ಮಾಡಬೇಕು, ಬೇರೆ ಏನು ಮಾಡಬೇಕೆಂದು ತೋಚುತ್ತಿಲ್ಲ.

ಏನು ಹೇಳಬೇಕೆಂದು 'ನಮಸ್ಕಾರ' ಎಂದು ಶುರುಮಾಡಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೆ. ಮೊದಲಿನ ಐದಾರು ಜನಕ್ಕೆ ಅದನ್ನೇ ಓದಿದೆ. ಓದಿದರೆ ಮೆಷಿನ್ನು ಅಂದುಕೊಂಡು ಇಟ್ಟುಬಿಡುತ್ತಾರೆ. ಹಾಳೆ ಮಡಿಸಿಟ್ಟೆ.

ಮಗನಿಗೆ ಗಣಿತದ ಪಾಠ ಕೇಳಿ ಜುಲೈನಲ್ಲಿ ಮಾಡಿದ್ದರಂತೆ ಒಬ್ಬರು. "ಅವನು ಫೇಲಾಗಿ, ಮತ್ತೆ ಕಟ್ಟಿ, ಪಾಸೂ ಆದ ಕಣ್ರೀ. ಈಗ ಫೋನ್ ಮಾಡ್ತೀರಲ್ಲ, ಮೊಮ್ಮಗನಿಗೆ ಬೇಕಾದಾಗ ಹೇಳಿಕಳಿಸ್ತೀನಿ ಬಿಡಿ." ಮನೆಗೆಲಸ ಕೇಳಿ ಮಾಡಿದ್ದ ಬನ್ನೂರಿನ ಹೆಂಗಸೊಬ್ಬಳಿಗೆ ಇನ್ನೂ ಕೆಲಸವಿಲ್ಲ. ಒತ್ತಲು ಓದು ಬರಬೇಕಲ್ಲ ಸ್ವಾಮಿ ಎಂದಳು. ಓದು ಬೇಡವಮ್ಮ, ಬರೆದವನಿಗೆ ಬುದ್ಧಿ ಬೇಕಿತ್ತು ಎಂದೆ. ಅವಳ ನಂಬರನ್ನು ಅಡುಗೆಯವರು ಬೇಕೆಂದಿದ್ದ ಮನೆಗೆ ಕೊಟ್ಟೆ.

ಇವತ್ತು ಮೂವತ್ತೆಂಟು ಜನ.

ನವೆಂಬರ್ 26, ಬುಧವಾರ

ನವೆಂಬರ್ ಐದರ ನಂತರದ ಪುಟಕ್ಕೆ ಬಂದೆ.

ಅಕ್ಕನಿಗಾಗಿ ಫೋನ್ ಮಾಡಿದವರು ಇಷ್ಟೊಂದು ಜನ ಇದ್ದರೆಂದು ನನಗೆ ಗೊತ್ತಿರಲಿಲ್ಲ. ಚಾಮುಂಡಮ್ಮ, ಕಂಡಕ್ಟರು ಬಿಟ್ಟು ಇಪ್ಪತ್ತಾರು ನಂಬರು. ಇವತ್ತು ಮಾತಾಡಿಸಿದವರಲ್ಲಿ ಯಾರೂ ಅವಳನ್ನು ಕಂಡವರಲ್ಲ. ಸಿಕ್ಕಿದರಾ ಎಂದು ಕೇಳಲು ಮಾಡಿದವರು. ನಮ್ಮ ತಂಗಿಯೂ ಹೀಗೇ ಹೋಗಿದ್ದಳು, ಇಂಥಲ್ಲಿ ಹುಡುಕಿ ಎಂದು ಹೇಳಲು ಮಾಡಿದವರು. ಒಬ್ಬ ಆಟೋದವರು, ಗಾಡಿ ಇದೆ, ಹುಡುಕಲು ಬರುತ್ತೇನೆ ಎನ್ನಲು ಮೂರು ಸಲ ಮಾಡಿದ್ದರಂತೆ.

ಜನರನ್ನು ಕಲ್ಲು ಎಂದು ಬರೆದ ಪುಟ ಇದೇ ಪುಸ್ತಕದಲ್ಲಿದೆ. ಹರಿಯೋಣವೆಂದು ತೆಗೆದೆ. ಹರಿಯಲಿಲ್ಲ. ಇರಲಿ.

ಪ್ರತಿಯೊಬ್ಬರಿಗೂ ಅದೇ ಮಾತು ಹೇಳಬೇಕು. ಒಂಬತ್ತು ಜನಕ್ಕೆ ಹೇಳಿ ನಿಲ್ಲಿಸಿದೆ.

ನವೆಂಬರ್ 29, ಶನಿವಾರ

ಇವತ್ತಿಗೆ ಆ ಇಪ್ಪತ್ತಾರು ಜನ ಮುಗಿದರು.

ಕೊನೆಯವರು ನಾಗಮಣಿ ಎಂಬ ಹೆಸರಿನ ಹಿರಿಯರು. ಎಪ್ಪತ್ತರ ಮೇಲಿರಬಹುದು. ಮೊಮ್ಮಗಳು ತನ್ಮಯಿ ಫೋನಿನಲ್ಲಿ ಅಕ್ಕನ ಫೋಟೋ ತೋರಿಸಿದ್ದಳಂತೆ, ಆರನೇ ತಾರೀಖು. ಮನೆಯಿಂದ ಹೊರಗೆ ಹೋಗಲು ಮಂಡಿ ಬಿಡುವುದಿಲ್ಲ, ಹುಡುಕಲಾರೆ, ನನ್ನ ಕೈಲಾದದ್ದು ಮಾಡುತ್ತೇನೆ ಎಂದು ಹೇಳೋಣ ಅಂತ ಮಾಡಿದ್ದೆ ಕಣಪ್ಪ, ಅದು ಏನೋ ಒತ್ತು ಅಂತು, ಬಿಟ್ಟೆ ಎಂದರು. ನಾನು ಹೇಗೆ ಶುರುಮಾಡಲಿ ಎಂದು ಯೋಚಿಸುತ್ತಿರುವಾಗ ಅವರೇ ಮಾತು ಮುಂದುವರಿಸಿದರು.

"ನಿಮ್ಮಕ್ಕನ ಹೆಸರಲ್ಲಿ ತುಳಸಿ ಹತ್ರ ದೀಪ ಹಚ್ತಾ ಇದ್ದೀನಿ. ಕಾರ್ತಿಕ ಮುಗೀತು, ಆದ್ರೂ ಮಗು ಮನೆ ಸೇರ್ತೋ ಇಲ್ವೋ ಗೊತ್ತಾಗದೆ ಹೆಂಗೆ ನಿಲ್ಲಿಸೋದು ಅಂತ ಹಚ್ತಾನೇ ಇದ್ದೀನಿ. ನೀನು ಫೋನ್ ಮಾಡಿದ್ದು ಒಳ್ಳೇದಾಯ್ತು. ಬಂದ್ಲಾ? ನಿಲ್ಲಿಸ್ಲಾ?"

ನಿಲ್ಲಿಸಿ ಅಮ್ಮ ಎಂದೆ. ಅಕ್ಕ ಹನ್ನೆರಡನೇ ತಾರೀಖು ಹೋದಳು ಎಂದೆ. ಅವರಿಗೆ ಕಿವಿ ಮಂದ ಇರಬೇಕು, ಇನ್ನೊಮ್ಮೆ ಹೇಳು ಎಂದರು. ಇನ್ನೊಮ್ಮೆ ಹೇಳಿದೆ. ಪಕ್ಕದ ಮನೆಯವರು ಏನಾಯಿತೋ ಎಂದು ಬಾಗಿಲಿಗೆ ಬಂದು ನಿಂತರು.

ಅವರು ಅಳಲಿಲ್ಲ, ದೇವರ ಮಾತೂ ಆಡಲಿಲ್ಲ. ಅವಳಿಗೆ ಏನು ಇಷ್ಟ, ಏನು ಕೆಲಸ ಮಾಡುತ್ತಿದ್ದಳು ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ಎಷ್ಟು ಹೊತ್ತು ಮಾತಾಡಿದೆವೋ, ಫೋನು ಬಿಸಿಯಾಗಿತ್ತು. ಇಡುವ ಮುಂಚೆ ಅವರು ಹೇಳಿದರು:

"ಬತ್ತಿ ಹೊಸೆದಿಟ್ಟಿದ್ದೀನಿ ಕಣಪ್ಪ. ಇವತ್ತೊಂದಿನ ಹಚ್ತೀನಿ."